ಮೂವರು ಅಕ್ಕತಂಗಿಯರ ಬೆಟ್ಟ

ಕೇಳುಗರಿಗೆ ನಮಸ್ಕಾರ.

ಬ್ರಿಟನ್ನಿನ ವೇಲ್ಸ್‌ಗೆ ಹೋದವರು ಹೆಚ್ಚಾಗಿ ಸ್ನೋಡನ್ ಬೆಟ್ಟ ಹತ್ತುತ್ತಾರೆ. ಅಲ್ಲಿ ತುದಿವರೆಗೂ ರೈಲು ಹಳಿ ಇದೆ. ನಾನು ಹೇಳಹೊರಟಿರುವುದು ಪಿಮ್‌ಲಿಮೊನ್ ಬಗ್ಗೆ. ನಡು ವೇಲ್ಸ್‌ನ ಅತಿ ಎತ್ತರದ ಬೆಟ್ಟ ಇದು, 752 ಮೀಟರ್. ಚೂಪು ಶಿಖರವಿಲ್ಲ, ಕಡಿದಾದ ಬಂಡೆ ಅಪರೂಪ. ಹುಲ್ಲು, ಜೌಗು, ಗಾಳಿ, ಮಳೆ ಅಷ್ಟೇ. ಹಾಗಾಗಿ ಜನ ಕಡಿಮೆ.

ರಸ್ತೆ ಬದಿಯ ಐಸ್ಟೆದ್ವ ಗಿರಿಗ್ ಎಂಬ ಕುರಿ ಸಾಕುವವರ ಮನೆಯ ಹತ್ತಿರ ಏರಲು ಶುರು ಮಾಡಿದೆ. ಹಳೆ ಗಣಿಯ ಕಲ್ಲುರಾಶಿ ದಾಟಿದ ಮೇಲೆ ಮನುಷ್ಯರ ಸದ್ದೇ ಇಲ್ಲ. ಸ್ವಲ್ಪ ದೂರಕ್ಕೆ ಮಂಜು ಕವಿಯಿತು. ಮುಂದಿನದೆಲ್ಲ ತಂತಿಬೇಲಿ ಹಿಡಿದೇ ನಡೆದೆ.

ಒಂದು ಕಡೆ ಬೂಟು ಕೆಸರಿಗೆ ಕಚ್ಚಿಕೊಂಡಿತು. ಬಗ್ಗಿ ಎಳೆದುಕೊಳ್ಳುವಾಗ ಕೈಗೆ ಪಾಚಿ ಸಿಕ್ಕಿತು. ತಿಳಿ ಹಸಿರು, ತುದಿಯಲ್ಲಿ ಕೆಂಪು, ಸ್ಪಂಜಿನಂತೆ ಮೆತ್ತಗೆ. ಒಂದು ಹಿಡಿ ಹಿಂಡಿದರೆ ನೀರು ಧಾರೆಯಾಗಿ ಮೊಣಕೈವರೆಗೂ ಇಳಿಯಿತು. ಸ್ಫ್ಯಾಗ್ನಮ್ ಅಂತ ಅದರ ಹೆಸರು. ಸತ್ತ ಪಾಚಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಸೇರಿ, ಸಾವಿರಾರು ವರ್ಷಗಳಲ್ಲಿ ಪೀಟ್ ಎಂಬ ಕಪ್ಪು ಮಣ್ಣಾಗಿದೆ. ನಾನು ತುಳಿಯುತ್ತಿದ್ದದ್ದು ನೆಲಕ್ಕಿಂತ ಜಾಸ್ತಿ ನೀರನ್ನೇ!

ಆ ನೀರೇ ಇಲ್ಲಿ ಮೂರು ನದಿಯಾಗುತ್ತದೆ. ಹಾವ್ರೆನ್, ಗ್ವಿ, ರೈಡೊಲ್. ಹಾವ್ರೆನ್ ಅಂದರೆ ಇಂಗ್ಲಿಷರ ಸೆವರ್ನ್, ಬ್ರಿಟನ್ನಿನ ಅತಿ ಉದ್ದದ ನದಿ, ಸುಮಾರು 354 ಕಿಲೋಮೀಟರ್. ಗ್ವಿಯನ್ನು ಅವರು ವೈ ಅನ್ನುತ್ತಾರೆ. ಮೂವರೂ ಬೆಟ್ಟದ ಹೆಣ್ಣುಮಕ್ಕಳು ಅನ್ನುವ ಕತೆ ಇದೆ. ಅವಸರದ ರೈಡೊಲ್ ಪಶ್ಚಿಮಕ್ಕೆ ಇಳಿದು ಅಬರಿಸ್ಟ್‌ವಿತ್‌ನಲ್ಲಿ ಕಡಲು ಸೇರಿದಳು. ಉಳಿದಿಬ್ಬರು ಊರೂರು ನೋಡುತ್ತಾ ಸುತ್ತಿ, ಕೊನೆಗೆ ಕಡಲ ಬಾಗಿಲಲ್ಲಿ ಮತ್ತೆ ಕೂಡಿದರು. ಭೂಪಟ ತೆಗೆದು ನೋಡಿ, ಕತೆ ಹೇಳಿದಂತೆಯೇ ಇದೆ.

ಈ ಬೆಟ್ಟದಲ್ಲಿ ವಿಜ್ಞಾನಿಗಳು 1960ರ ದಶಕದ ಕೊನೆಯಿಂದ ನೀರು ಅಳೆಯುತ್ತಿದ್ದಾರೆ. ಸೆವರ್ನ್ ಕಡೆ ನೆಟ್ಟ ಕಾಡು ಜಾಸ್ತಿ, ವೈ ಕಡೆ ಹುಲ್ಲುಗಾವಲು. ಹೊಳೆಗೆ ಹೆಚ್ಚು ನೀರು ಬಿಟ್ಟದ್ದು ಹುಲ್ಲಿನ ಕಡೆಯೇ. ಕಾಡಿನಲ್ಲಿ ಮರದ ಎಲೆಗಳ ಮೇಲೆ ನಿಂತ ಮಳೆ ಹಾಗೇ ಆವಿಯಾಗಿಬಿಡುತ್ತದೆ. ಕಾಡಿದ್ದರೆ ಹೊಳೆ ತುಂಬುತ್ತದೆ ಅಂತಲೇ ನಾನು ನಂಬಿದ್ದೆ!

ತುದಿಯಲ್ಲಿ ಕಂಚಿನ ಯುಗದವರು ಪೇರಿಸಿದ ಕಲ್ಲುಗುಪ್ಪೆಗಳಿವೆ. ಅದರ ಮರೆಯಲ್ಲಿ ಕೂತು ಚಹಾ ಕುಡಿದು, ಸೆವರ್ನ್ ಹುಟ್ಟುವ ಕಡೆ ನಡೆದೆ. ಅಲ್ಲಿ ಗುಡಿಯಿಲ್ಲ, ಕಟ್ಟೆಯಿಲ್ಲ. ಒಂದು ಮರದ ಕಂಬ. ಅದರ ಮೇಲೆ ವೆಲ್ಶ್‌ನಲ್ಲೂ ಇಂಗ್ಲಿಷ್‌ನಲ್ಲೂ ನದಿಯ ಹೆಸರು. ಪಕ್ಕದಲ್ಲಿ ಚಹಾ ಬಣ್ಣದ ನೀರಿನ ಪುಟ್ಟ ಹೊಂಡ. ಗಾಳಿಗೆ ಒಂದು ಹುಲ್ಲುಕಡ್ಡಿ ಅದರ ಮೇಲೆ ಸುತ್ತುತ್ತಿತ್ತು. ಅದು ಅಂಚು ದಾಟಿ ಹರಿವಿಗೆ ಬೀಳುವವರೆಗೂ ಸುಮ್ನೆ ನೋಡುತ್ತಾ ನಿಂತೆ.