ಹುಳದ ಮನೆಯ ಗೋಡೆಯ ಮೇಲೊಂದು ಹೊನ್ನಗಣ್ಣು

ಇದು ಶಿಡ್ಲಘಟ್ಟಕ್ಕೆ ಹತ್ತಿರವಿರುವ ನಮ್ಮ ತೋಟದ ಹುಳದ ಮನೆ, ಅಂದರೆ ರೇಷ್ಮೆ ಹುಳ ಸಾಕುವ ಮನೆ. ದೀಪದ ಕೆಳಗೆ, ಸುಣ್ಣ ಬಳಿದ ಗೋಡೆಯ ಮೇಲೆ ಅಲುಗಾಡದೆ ಕುಳಿತಿರುವ ಈ ತಿಳಿಹಸಿರು ಕೀಟವೇ ಇಂದಿನ ವಿಡಿಯೊದ ವಸ್ತು. ರೇಷ್ಮೆ ಹುಳದ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣದ ಕಾಟ ಉಂಡ ರೇಷ್ಮೆ ರೈತರಿಗೆ ಗುರುತಿಲ್ಲದ ರೆಕ್ಕೆಯೆಲ್ಲ ಶತ್ರುವಿನದೇ ಆಗಿ ಕಾಣುವುದರಿಂದ, ನಮ್ಮ ಮನೆಯಲ್ಲಿ ಇದಕ್ಕೆ ಈವರೆಗೆ ಸಿಕ್ಕಿರುವ ಮರ್ಯಾದೆ ಪೊರಕೆಯ ಏಟು ಮಾತ್ರ.

ಕ್ಯಾಮೆರಾವನ್ನು ಹತ್ತಿರಕ್ಕೆ ಒಯ್ದಿದ್ದೇನೆ. ದೇಹಕ್ಕಿಂತ ಉದ್ದವಾದ ರೆಕ್ಕೆಗಳು ಮನೆಯ ಮಾಡಿನಂತೆ ಎರಡೂ ಕಡೆಗೆ ಇಳಿಜಾರಾಗಿ ಬೆನ್ನನ್ನು ಮುಚ್ಚಿವೆ. ಅವುಗಳ ಮೂಲಕ ಗೋಡೆಯ ಬಿರುಕು ಕಾಣುವಷ್ಟು ಅವು ತಿಳಿಯಾಗಿದ್ದರೂ, ತುಂಬ ಹಸಿರು ನರಗಳು ಬಲೆಯಂತೆ ಹೆಣೆದುಕೊಂಡಿವೆ. ಜಾಲರೆಕ್ಕೆ ಕೀಟ ಎಂದು ಕರೆಯುವುದು ಇದಕ್ಕಾಗಿಯೇ. ಕಣ್ಣುಗಳಲ್ಲಿ ತಾಮ್ರ ಬೆರೆತ ಚಿನ್ನದ ಹೊಳಪಿದೆ. ಇದರ ಕುಟುಂಬಕ್ಕೆ ಕ್ರೈಸೊಪಿಡೆ ಎಂಬ ಹೆಸರು ಬಂದಿರುವುದು ಗ್ರೀಕ್ ಭಾಷೆಯ ಚಿನ್ನ ಮತ್ತು ಕಣ್ಣು ಎಂಬ ಪದಗಳಿಂದ.

ಕುಟುಂಬದ ಗುರುತು ಹಿಡಿಯುವುದು ಇಷ್ಟು ಸುಲಭ. ಪ್ರಭೇದದ ಗುರುತು ಹಿಡಿಯುವುದು ಹಾಗಲ್ಲ. ಈ ಕುಟುಂಬದ ಬಹುಪಾಲು ಕೀಟಗಳು ಹಸಿರಾಗಿಯೇ ಇರುವುದರಿಂದ, ಒಂದು ಫೋಟೊ ನೋಡಿ ಹೆಸರು ಹೇಳುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆದ್ದರಿಂದ ಮೊಟ್ಟೆಯಿಂದಲೇ ಆರಂಭಿಸಿದೆ.

ಹಿಪ್ಪುನೇರಳೆ ಎಲೆಯ ಅಡಿಭಾಗ ನೋಡಿ. ಕೂದಲಿನಷ್ಟು ಸಣ್ಣ ಬಿಳಿ ಕಡ್ಡಿಯ ತುದಿಯಲ್ಲಿ ನಿಂತಿರುವ ಈ ಹಸಿರು ಕಾಳನ್ನು ನಾನು ಬಹಳ ಕಾಲ ಬೂಷ್ಟು ಎಂದೇ ತಿಳಿದಿದ್ದೆ. ಹೆಣ್ಣು ಕೀಟವು ಎಲೆಗೆ ಒಂದು ತೊಟ್ಟು ಅಂಟನ್ನು ತಾಗಿಸಿ, ಹೊಟ್ಟೆಯ ತುದಿಯನ್ನು ಮೇಲಕ್ಕೆತ್ತಿ ಅದನ್ನು ಎಳೆಯಾಗಿ ಎಳೆದು, ಎಳೆ ಗಟ್ಟಿಯಾದ ಮೇಲೆ ತುದಿಯಲ್ಲಿ ಒಂದೇ ಒಂದು ಮೊಟ್ಟೆಯನ್ನಿಡುತ್ತದೆ. ಇರುವೆಗಳ ಕೈಗೂ, ಮೊದಲೇ ಹುಟ್ಟಿದ ಸ್ವಂತ ಅಣ್ಣತಮ್ಮಂದಿರ ಬಾಯಿಗೂ ಅದು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅಣ್ಣತಮ್ಮಂದಿರ ಮಾತು ಉತ್ಪ್ರೇಕ್ಷೆಯಲ್ಲ. ಮೂರು ಮರಿಗಳನ್ನು ಒಂದೇ ಡಬ್ಬಿಯಲ್ಲಿಟ್ಟು, ಅವರೆ ಕುಡಿಯ ಕಪ್ಪು ಸಸ್ಯಹೇನನ್ನು ಸಾಕಷ್ಟು ಹಾಕದೆ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದಾಗ ಉಳಿದಿದ್ದದ್ದು ಒಂದೇ ಮರಿ ಮತ್ತು ಎರಡು ಒಣ ಸಿಪ್ಪೆ.

ಆ ಉಳಿದ ಮರಿಯೇ ಈಗ ತೆರೆಯ ಮೇಲಿದೆ. ಎರಡೂ ತುದಿಗಳಲ್ಲಿ ಕಿರಿದಾದ ಕಂದು ಮೈ, ಮುಂದೆ ಕುಡುಗೋಲಿನಂತೆ ಬಾಗಿದ ಎರಡು ದವಡೆಗಳು. ಪ್ರತಿ ದವಡೆಯೂ ಒಂದು ಕೊಳವೆ. ಹೇನನ್ನು ಚುಚ್ಚಿ ಮೇಲಕ್ಕೆತ್ತಿ ಹಿಡಿದು, ಒಳಗಿನ ರಸವನ್ನು ಹೀರಿ, ತೊಗಲನ್ನು ಬಿಸಾಡುತ್ತದೆ. ಗುರುತಿಗೆ ಬೇಕಾದ ಮೊದಲ ಸುಳಿವೂ ಇಲ್ಲೇ ಇದೆ: ಇದರ ಬೆನ್ನು ಬೋಳು. ಇದೇ ಕುಟುಂಬದ ಮಲ್ಲಾಡ ಮತ್ತು ಅಪರ್ಟೊಕ್ರೈಸಾ ಕುಲಗಳ ಮರಿಗಳು ತಿಂದು ಬಿಟ್ಟ ತೊಗಲು, ಮೇಣ, ಕಸಗಳನ್ನೆಲ್ಲ ಬೆನ್ನಿನ ಮೇಲೆ ಹೇರಿಕೊಂಡು ನಡೆದಾಡುವ ಕಸದ ಗುಡ್ಡೆಗಳಂತೆ ಕಾಣುತ್ತವೆ. ಬೋಳು ಬೆನ್ನು ನನ್ನ ಹುಡುಕಾಟವನ್ನು ಕ್ರೈಸೊಪರ್ಲಾ ಕುಲದ ಕಡೆಗೆ ತಿರುಗಿಸಿತು.

ಮರಿ ಗೂಡು ಕಟ್ಟಿದ ದಿನ ಅಮ್ಮ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಕ್ಕರು. ಬಟಾಣಿ ಕಾಳಿಗಿಂತಲೂ ಚಿಕ್ಕದಾದ ಬಿಳಿ ಗುಂಡು ಅದು. ರೇಷ್ಮೆ ಹುಳ ಗೂಡು ಕಟ್ಟುವ ಚಂದ್ರಿಕೆ ತಟ್ಟೆಯ ಮೇಲಿನ ಗೂಡುಗಳ ಪಕ್ಕದಲ್ಲಿಟ್ಟರೆ ಆಟಿಕೆಯಂತಿದೆ. ನಮ್ಮ ರೇಷ್ಮೆ ಹುಳ ಬಾಯಿಯಿಂದ ನೂಲು ತೆಗೆದರೆ, ಇದು ಬಾಲದ ತುದಿಯಿಂದ ತೆಗೆಯುತ್ತದೆ. ರೇಷ್ಮೆ ಚಿಟ್ಟೆ ಗೂಡನ್ನು ಒದ್ದೆ ಮಾಡಿ ಎಳೆಗಳನ್ನು ಸರಿಸಿಕೊಂಡು ಹೊರಬಂದರೆ, ಇದು ಡಬ್ಬದ ಮುಚ್ಚಳದಂತೆ ವೃತ್ತಾಕಾರವಾಗಿ ಕತ್ತರಿಸಿಕೊಂಡು ಬರುತ್ತದೆ.

ಹೊರಬಂದ ಕೀಟವನ್ನು ಭೂತಗನ್ನಡಿಯ ಕೆಳಗೆ ನೋಡಿದೆ. ಕತ್ತಿನಿಂದ ಹೊಟ್ಟೆಯ ತುದಿಯವರೆಗೆ ಬೆನ್ನಿನ ನಡುವೆ ಮಾಸಲು ಹಳದಿ ಪಟ್ಟಿ, ಕಲೆಯಿಲ್ಲದ ರೆಕ್ಕೆ, ಕಣ್ಣಿನ ಕೆಳಗೆ ಕೆನ್ನೆಯ ಮೇಲೆ ಕೆಂಗಂದು ಗೀರು. ಇಷ್ಟೂ ಸೇರಿದರೆ ಅದು ಕ್ರೈಸೊಪರ್ಲಾ ಕಾರ್ನಿಯಾ ಗುಂಪು ಎನ್ನಬಹುದು. ಆದರೆ ನಿಜವಾದ ತೊಡಕು ಶುರುವಾಗುವುದೇ ಇಲ್ಲಿಂದ. ಈ ಗುಂಪಿನ ಹಲವು ಪ್ರಭೇದಗಳು ನೋಟದಲ್ಲಿ ಅವಳಿಜವಳಿ. ಅವು ಒಂದನ್ನೊಂದು ಗುರುತಿಸುವುದು ಹಾಡಿನಿಂದ. ಹೊಟ್ಟೆಯನ್ನು ವೇಗವಾಗಿ ಅದುರಿಸಿ ಕಾಲುಗಳ ಮೂಲಕ ಎಲೆಗೆ ಕಂಪನ ಕಳುಹಿಸುತ್ತವೆ. ಲಯ ಹೊಂದಿದರೆ ಮಾತ್ರ ಗಂಡು ಹೆಣ್ಣು ಕೂಡುತ್ತವೆ. ನಮ್ಮ ಕಿವಿಗೆ ಅದು ಕೇಳುವುದಿಲ್ಲ. ಭಾರತದ ಹೊಲಗಳಲ್ಲಿರುವ ಕೀಟವನ್ನು ಬಹುಕಾಲ ಕ್ರೈಸೊಪರ್ಲಾ ಕಾರ್ನಿಯಾ ಎಂಬ ಯುರೋಪಿನ ಹೆಸರಿನಿಂದಲೇ ಕರೆಯಲಾಗುತ್ತಿತ್ತು. ಅದು ಕ್ರೈಸೊಪರ್ಲಾ ಜಸ್ಟ್ರೋವಿ ಎಂಬ ಪ್ರಭೇದದ ಸಿಲ್ಲೆಮಿ ಉಪಪ್ರಭೇದ ಎಂದು ಭಾರತೀಯ ಮತ್ತು ವಿದೇಶಿ ವಿಜ್ಞಾನಿಗಳು ಜೊತೆಗೂಡಿ 2010ರಲ್ಲಿ ಪ್ರಕಟಿಸಿದರು. ಅದಕ್ಕೆ ಮುಖ್ಯ ಆಧಾರಗಳಲ್ಲಿ ಒಂದಾಗಿದ್ದದ್ದು ಈ ಹಾಡೇ. ಹಳೆಯ ಕೃಷಿ ಪುಸ್ತಕಗಳಲ್ಲಿ ಇನ್ನೂ ಹಳೆಯ ಹೆಸರೇ ಕಂಡರೆ ಗೊಂದಲ ಬೇಡ.

ನನ್ನ ಬಳಿ ಕಂಪನ ಅಳೆಯುವ ಉಪಕರಣವಿಲ್ಲ. ಆದ್ದರಿಂದ ಡಬ್ಬಿಯ ಚೀಟಿಯ ಮೇಲೆ "ಕ್ರೈಸೊಪರ್ಲಾ, ಕಾರ್ನಿಯಾ ಗುಂಪು, ಬಹುಶಃ ಜಸ್ಟ್ರೋವಿ ಸಿಲ್ಲೆಮಿ" ಎಂದು ಬರೆದಿದ್ದೇನೆ. ಈ "ಬಹುಶಃ" ಬಿಟ್ಟುಬಿಡಲು ಮನಸ್ಸು ಒಪ್ಪಲಿಲ್ಲ.

ಸಂಜೆ ಅದನ್ನು ಹಿಟ್ಟು ತಿಗಣೆಯಿಂದ ಬರುವ ತುಕ್ರ ರೋಗ ಹಿಡಿದು ಎಲೆ ಮುದುಡಿದ್ದ ಸಾಲಿನಲ್ಲಿ ಬಿಟ್ಟೆವು. ರೆಕ್ಕೆ ಬಂದ ದೊಡ್ಡ ಕೀಟ ತಾನೇ ಬೇಟೆಯಾಡುವುದಿಲ್ಲ. ಮಕರಂದ, ಪರಾಗ, ಹೇನುಗಳು ಸುರಿಸುವ ಸಿಹಿ ಅಂಟು ಇವೇ ಅದರ ಊಟ. ಹಿಟ್ಟು ತಿಗಣೆಯ ಮೊಟ್ಟೆ ಮರಿಗಳನ್ನು ಹೀರುವುದು ಅದರ ಮರಿಗಳ ಕೆಲಸ. ಹುಳಕ್ಕೆ ಹಾಕುವ ಸೊಪ್ಪಿಗೆ ಔಷಧಿ ಹೊಡೆಯಲು ಹಿಂಜರಿಯುವ ಅಮ್ಮ ಈಗ ಎಲೆ ಕೊಯ್ಯುವಾಗಲೆಲ್ಲ ಅಡಿಭಾಗ ತಿರುಗಿಸಿ ನೋಡುತ್ತಾರೆ, ಕಡ್ಡಿಯ ಮೇಲಿನ ಮೊಟ್ಟೆ ಕಂಡ ಎಲೆಯನ್ನು ಗಿಡದಲ್ಲೇ ಬಿಡುತ್ತಾರೆ.