ಕ್ಯಾಮೆರಾ ಆಮೇಲೆ, ಮೊದಲು ಬೆಳಕು

ಎಲ್ಲರಿಗೂ ನಮಸ್ಕಾರ.

ಕಿರುಚಿತ್ರ ಮಾಡಬೇಕು ಅಂತ ಆಸೆ ಇಟ್ಟುಕೊಂಡಿರುವವರ ಜೊತೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಇಂಥ ಕಡೆ ಹೋದಾಗೆಲ್ಲ ಮೊದಲ ಪ್ರಶ್ನೆ ಕತೆಯ ಬಗ್ಗೆ ಬರುವುದಿಲ್ಲ. "ಸರ್, ಯಾವ ಕ್ಯಾಮೆರಾ ತಗೊಳ್ಳಲಿ?" ಅಂತ ಬರುತ್ತದೆ. ಅದರ ಹಿಂದೆಯೇ ಲೆನ್ಸ್, ಆಮೇಲೆ ಗಿಂಬಲ್ (ನಡೆಯುವಾಗ ಕ್ಯಾಮೆರಾ ಕುಲುಕದಂತೆ ಹಿಡಿಯುವ ಸಾಧನ), ಆಮೇಲೆ ಡ್ರೋನ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಹೇಳಿ ನಿಮ್ಮನ್ನು ಚುಚ್ಚೋಕೆ ನಾನು ಬಂದಿಲ್ಲ. ನೆಲ ನಿಜವಾಗಿಯೂ ಡೊಂಕಿದ್ದಾಗ ಕುಣಿದವರು ಇದ್ದಾರೆ, ಅವರು ಹೇಗೆ ಕುಣಿದರು ಅಂತ ಹೇಳೋಣ ಅಂತ ಬಂದೆ.

ಮೊದಲನೆಯವರು ನಮ್ಮವರೇ. ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದರು, ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಬೊಂಬಾಯಿಗೆ ಹೋದರು. ಪಿಟೀಲು ಚೆನ್ನಾಗಿ ನುಡಿಸುತ್ತಿದ್ದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು.

1959ರಲ್ಲಿ ಗುರುದತ್ ನಿರ್ದೇಶನದ 'ಕಾಗಜ್ ಕೆ ಫೂಲ್' ಬಂತು. ಕ್ಯಾಮೆರಾ ಮೂರ್ತಿಯವರದು. ಅದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಅಂದರೆ ಅಗಲ ಪರದೆಯ ಚಿತ್ರ, ಆ ಕಾಲದ ಹೊಚ್ಚಹೊಸ ಸಲಕರಣೆ. ಚಿತ್ರವನ್ನು ಅಡ್ಡಕ್ಕೆ ಹಿಂಡಿ ಫಿಲ್ಮಿನ ಮೇಲೆ ಕೂರಿಸಲು ಒಂದು ವಿಶೇಷ ಲೆನ್ಸ್, ಥಿಯೇಟರಿನಲ್ಲಿ ಅದನ್ನು ಮತ್ತೆ ಹಿಗ್ಗಿಸಲು ಇನ್ನೊಂದು. ಇಷ್ಟೆಲ್ಲ ಇದ್ದರೂ ಸಿನಿಮಾ ಆಗ ಓಡಲಿಲ್ಲ. ಇವತ್ತು ಆ ಸಿನಿಮಾ ಹೆಸರು ಹೇಳಿದ ಕೂಡಲೇ ಜನರಿಗೆ ನೆನಪಾಗುವುದು ಪರದೆಯ ಅಗಲ ಅಲ್ಲ. ಗೀತಾ ದತ್ ಹಾಡಿದ ಒಂದು ಹಾಡು, ಖಾಲಿ ಸ್ಟುಡಿಯೋ, ಮೇಲಿಂದ ಓರೆಯಾಗಿ ಇಳಿಯುವ ದೊಡ್ಡ ಬೆಳಕಿನ ಕೋಲು, ಆ ಕತ್ತಲೆ ಬೆಳಕಿನ ನಡುವೆ ಗುರುದತ್ ಮತ್ತು ವಹೀದಾ ರೆಹಮಾನ್. ಆ ಬೆಳಕು ಎಲ್ಲಿಂದ ಬಂತು ಗೊತ್ತಾ? ಕನ್ನಡಿಯಿಂದ.

ಎರಡು ದೊಡ್ಡ ಕನ್ನಡಿ. ಒಂದನ್ನು ಹೊರಗೆ ಬಿಸಿಲಿಗೆ ಹಿಡಿದು, ಅದರ ಬೆಳಕು ಮೇಲೆ ಇಟ್ಟಿದ್ದ ಇನ್ನೊಂದರ ಮೇಲೆ ಬೀಳುವಂತೆ ಮಾಡಿ, ಅಲ್ಲಿಂದ ಕೆಳಕ್ಕೆ ತಿರುಗಿಸಿ, ಸೂರ್ಯನನ್ನೇ ಸ್ಟುಡಿಯೋ ಒಳಗೆ ಕರೆದುಕೊಂಡು ಬಂದರು.

ಯಾಕೆ ಹೀಗೆ? ಸ್ಟುಡಿಯೋದಲ್ಲಿ ಲೈಟುಗಳಿಗೇನೂ ಬರ ಇರಲಿಲ್ಲ. ಆದರೆ ಲೈಟು ಎಷ್ಟೇ ದೊಡ್ಡದಾಗಿದ್ದರೂ ಅದು ಇರುವುದು ಕೆಲವು ಅಡಿ ದೂರದಲ್ಲಿ, ಅದರ ಬೆಳಕು ಮುಂದೆ ಹೋದ ಹಾಗೆ ಹರಡಿಕೊಳ್ಳುತ್ತದೆ. ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರ ಇದ್ದಾನೆ. ಹಾಗಾಗಿ ಅವನ ಕಿರಣಗಳು ನಮ್ಮ ಹತ್ತಿರ ಬರುವ ಹೊತ್ತಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಇರುತ್ತವೆ. ಅಂಚು ಚೂಪಾಗಿರುವ ನೇರ ಕೋಲು ಬೇಕು ಅಂದರೆ ಬಿಸಿಲಿಗಿಂತ ಒಳ್ಳೆಯ ಲೈಟು ಇಲ್ಲ. ಇದು ಹೈಸ್ಕೂಲಿನ ವಿಜ್ಞಾನ. ಆದರೆ ಸೆಟ್ಟಿನಲ್ಲಿ ಅಷ್ಟು ಜನ ಕಾಯುತ್ತಿರುವಾಗ ಅದು ನೆನಪಾಗಬೇಕಲ್ಲ, ಅದೇ ಕಷ್ಟ.

ಕನ್ನಡಿ ಇಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಸೂರ್ಯ ಆಕಾಶದಲ್ಲಿ 4 ನಿಮಿಷಕ್ಕೆ ಒಂದು ಡಿಗ್ರಿ ಜರುಗುತ್ತಾನೆ. ಕನ್ನಡಿ ಅಲ್ಲಾಡದೆ ಇದ್ದರೆ, 20 ಮೀಟರ್ ಆಚೆ ಬಿದ್ದಿರುವ ಬೆಳಕು ಅಷ್ಟರಲ್ಲೇ ಒಂದಡಿಯಷ್ಟು ಪಕ್ಕಕ್ಕೆ ಹೋಗಿರುತ್ತದೆ. ಒಂದು ಟೇಕ್ ಮುಗಿಸಿ, ನಟರಿಗೆ ಏನೋ ಹೇಳಿ, ಇನ್ನೊಂದು ಟೇಕಿಗೆ ಬರುವಷ್ಟರಲ್ಲಿ ಕನ್ನಡಿ ತಿರುಗಿಸಬೇಕು. ಮೋಡ ಬಂದರೆ ಎಲ್ಲರೂ ಸುಮ್ನೆ ಕೂರಬೇಕು. ಗಾಳಿಯಲ್ಲಿ ಹೊಗೆಯೋ ದೂಳೋ ಇಲ್ಲದಿದ್ದರೆ ಕೋಲು ಕಾಣುವುದೇ ಇಲ್ಲ, ಜಾಸ್ತಿ ಆದರೆ ಮುಖ ಮಂಕಾಗುತ್ತದೆ. ಕನ್ನಡಿ ಯಾರ ಮನೆಯಲ್ಲಿಲ್ಲ ಹೇಳಿ? ಅದನ್ನು ಎಲ್ಲಿ, ಯಾವ ಹೊತ್ತಿಗೆ, ಎಷ್ಟು ವಾರೆಯಾಗಿ ಹಿಡಿಯಬೇಕು ಅನ್ನುವುದು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ವರ್ಷಗಟ್ಟಲೆ ಸಹಾಯಕರಾಗಿ ದುಡಿದು, ಬೇರೆಯವರು ಬೆಳಕು ಕಟ್ಟುವುದನ್ನು ನೋಡಿ ನೋಡಿ ಮೂರ್ತಿಯವರಿಗೆ ಅದು ಕೈವಶ ಆಗಿತ್ತು.

ಇನ್ನೊಬ್ಬರು ಬಂಗಾಳದ ಛಾಯಾಗ್ರಾಹಕ ಸುಬ್ರತ ಮಿತ್ರ. ಸತ್ಯಜಿತ್ ರಾಯ್ 1952ರಲ್ಲಿ 'ಪಥೇರ್ ಪಾಂಚಾಲಿ' ಶುರು ಮಾಡಿದಾಗ ಮಿತ್ರರಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಅಲ್ಲಿಯವರೆಗೆ ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ, ಸ್ಟಿಲ್ ಫೋಟೋ ತೆಗೆಯುತ್ತಿದ್ದರು ಅಷ್ಟೆ. ಇದನ್ನು ಕೇಳಿ ಕೆಲವರು "ನೋಡಿ, ಏನೂ ಕಲಿಯದೇನೂ ಆಗುತ್ತೆ" ಅನ್ನುತ್ತಾರೆ. ಅರ್ಧ ಕತೆ ಅದು. ಫ್ರಾನ್ಸಿನ ನಿರ್ದೇಶಕ ಜಾನ್ ರೆನ್ವಾರ್ ಬಂಗಾಳಕ್ಕೆ ಬಂದು 'ದ ರಿವರ್' ಚಿತ್ರೀಕರಣ ಮಾಡುವಾಗ ಈ ಹುಡುಗ ಅಲ್ಲಿಗೆ ನೋಡಲು ಹೋಗುತ್ತಿದ್ದ. ಸುಮ್ನೆ ನೋಡುತ್ತಿರಲಿಲ್ಲ, ಲೈಟು ಎಲ್ಲಿದೆ, ಕ್ಯಾಮೆರಾ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಚಿತ್ರ ಬರೆದುಕೊಳ್ಳುತ್ತಿದ್ದ. ಪೆನ್ಸಿಲ್ಲು, ಕಾಗದ. ಅದೇ ಅವನ ಶಾಲೆ.

ಮುಂದೆ ರಾಯ್ ಅವರದೇ 'ಅಪರಾಜಿತೋ' ಮಾಡುವಾಗ ಕಾಶಿಯ ಮನೆಯ ಸೆಟ್ಟನ್ನು ಸ್ಟುಡಿಯೋದಲ್ಲಿ ಹಾಕಬೇಕಾಯಿತು. ನಮ್ಮ ಹಳೆಯ ತೊಟ್ಟಿಮನೆಗಳ ಹಾಗೆ ನಡುವೆ ತೆರೆದ ಅಂಗಳ ಇರುವ ಮನೆ. ಅಂಥ ಅಂಗಳಕ್ಕೆ ಆಕಾಶದಿಂದ ಮೆತ್ತಗೆ ಬೆಳಕು ಇಳಿಯುತ್ತದೆ, ಗಟ್ಟಿ ನೆರಳು ಬೀಳುವುದಿಲ್ಲ. ಸ್ಟುಡಿಯೋ ಲೈಟನ್ನು ನೇರ ಬಿಟ್ಟರೆ ಒಂದೊಂದು ಲೈಟಿಗೆ ಒಂದೊಂದು ನೆರಳು. ಮಿತ್ರ ಅಂಗಳದ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ಲೈಟುಗಳನ್ನು ಕೆಳಗಿನಿಂದ ಆ ಬಟ್ಟೆಗೆ ಹೊಡೆಸಿ, ಅದರಿಂದ ವಾಪಸ್ ಬಂದ ಬೆಳಕಿನಲ್ಲಿ ಚಿತ್ರೀಕರಿಸಿದರು. ಇವತ್ತು ನಮ್ಮ ಸೆಟ್ಟುಗಳಲ್ಲಿ "ಥರ್ಮಾಕೋಲ್ ಹಿಡಿಯಪ್ಪಾ" ಅಂತ ಕೂಗಿದ ಕೂಡಲೇ ಯಾರೋ ಬಿಳಿ ಶೀಟ್ ಹಿಡಿದು ನಿಲ್ಲುತ್ತಾರಲ್ಲ, ಅದರ ಹಿಂದಿರುವುದು ಇದೇ ಲೆಕ್ಕ.

ಇಬ್ಬರಲ್ಲೂ ನನಗೆ ಕಾಣುವುದು ಒಂದೇ ವಿಷಯ. ತಮಗೆ ಏನು ಬೇಕು ಅನ್ನುವುದು ಅವರಿಗೆ ಗೊತ್ತಿತ್ತು, ಕೈಯಲ್ಲಿರುವ ಲೈಟು ಅದನ್ನು ಯಾಕೆ ಕೊಡುತ್ತಿಲ್ಲ ಅನ್ನುವುದೂ ಗೊತ್ತಿತ್ತು. ನಾವು ಉಲ್ಟಾ ಮಾಡುತ್ತೇವೆ. ಮೊದಲು ಸಾಮಾನು ತರುತ್ತೇವೆ, ಆಮೇಲೆ ಅದರಿಂದ ಏನು ಮಾಡೋಣ ಅಂತ ಯೋಚಿಸುತ್ತೇವೆ. ಗಿಂಬಲ್ ಬಂತು ಅಂತ ಪ್ರತಿ ಶಾಟಿನಲ್ಲೂ ಕ್ಯಾಮೆರಾ ತೇಲುತ್ತದೆ. ಡ್ರೋನ್ ಬಾಡಿಗೆಗೆ ತಂದೆವು ಅಂತ ಇಬ್ಬರು ಅಡುಗೆಮನೆಯಲ್ಲಿ ಜಗಳ ಆಡುವ ಕತೆಗೂ ಊರಿನ ಮೇಲಿಂದ ಒಂದು ಶಾಟ್. ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ.

ಹಾಗಂತ ಸಲಕರಣೆ ಬೇಡವೇ ಬೇಡ ಅನ್ನುವುದೂ ಸುಳ್ಳು. ಕೆರೆಯ ಆಚೆ ದಡದ ಹಕ್ಕಿಯನ್ನು ಫೋನಿನಲ್ಲಿ ಹಿಡಿಯಲು ಹೋದರೆ ಬರುವುದು ಒಂದು ಚುಕ್ಕೆ. ಅಲ್ಲಿ ಉದ್ದನೆಯ ಲೆನ್ಸ್ ಬೇಕೇ ಬೇಕು, ಅಭ್ಯಾಸ ಎಷ್ಟಿದ್ದರೂ ಲೆನ್ಸ್ ಉದ್ದ ಆಗುವುದಿಲ್ಲ. ಧ್ವನಿಯೂ ಅಷ್ಟೆ. ಚಿತ್ರ ಸ್ವಲ್ಪ ಮಸುಕಾಗಿದ್ದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಸ್ವಲ್ಪ ದುಡ್ಡಿದ್ದರೆ ಮೊದಲು ಮೈಕಿಗೆ ಹಾಕಿ ಅಂತಲೇ ನಾನು ಹೇಳುವುದು.

ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ಒಂದು ಕಿಟಕಿ ನೋಡಿಕೊಳ್ಳಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿ. ಅಜ್ಜಿ ಸಿಕ್ಕರೆ ಇನ್ನೂ ಒಳ್ಳೆಯದು, ಮುಖದಲ್ಲಿ ಗೆರೆ ಇದ್ದರೆ ಬೆಳಕಿನ ಆಟ ಚೆನ್ನಾಗಿ ಗೊತ್ತಾಗುತ್ತದೆ. ಇರುವ ಫೋನಿನಲ್ಲೇ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆಗೆಯಿರಿ. ಆಮೇಲೆ ಕಿಟಕಿಯ ಎದುರು ಬದಿಗೆ ಒಂದು ಬಿಳಿ ಪಂಚೆ ಹಿಡಿದು ತೆಗೆಯಿರಿ, ಅದೇ ಜಾಗದಲ್ಲಿ ಕಪ್ಪು ಕಂಬಳಿ ಹಿಡಿದು ಇನ್ನೊಮ್ಮೆ. ನೆರಳಿನ ಕಡೆಯ ಕೆನ್ನೆ ಹೇಗೆ ಬದಲಾಯಿತು ಅಂತ ಬರೆದಿಡಿ. ಫೋನು ತಾನೇ ಬೆಳಕು ಏರಿಸಿ ಇಳಿಸಿ ಮಾಡುತ್ತದೆ, ಅದು ಬದಲಾಗದ ಹಾಗೆ ಲಾಕ್ ಮಾಡಿಕೊಳ್ಳಿ, ಇಲ್ಲದಿದ್ದರೆ ವ್ಯತ್ಯಾಸ ನಿಮಗೆ ಕಾಣುವುದೇ ಇಲ್ಲ.

ಹೀಗೆ ಮಾಡುತ್ತಾ ಹೋದಾಗ ಯಾವತ್ತೋ ಒಂದು ದಿನ "ನನಗೆ ಇಂಥ ಶಾಟ್ ಬೇಕು, ಈ ಫೋನಿನಲ್ಲಿ ಇಂಥ ಕಾರಣಕ್ಕೆ ಬರುತ್ತಿಲ್ಲ" ಅಂತ ಒಂದೇ ವಾಕ್ಯದಲ್ಲಿ ಹೇಳಲು ಬರುತ್ತದೆ. ಆಗ ದೊಡ್ಡ ಕ್ಯಾಮೆರಾ ತನ್ನಿ. ಅದೂ ಕೊಳ್ಳಬೇಕಾಗಿಲ್ಲ, ಎರಡು ದಿನಕ್ಕೆ ಬಾಡಿಗೆಗೆ ಸಿಗುತ್ತದೆ. ಶಾಟ್ ಪಟ್ಟಿ ಮಾಡಿಕೊಂಡು ಹೋಗಿ, ಕೆಲಸ ಮುಗಿಸಿ ವಾಪಸ್ ಕೊಟ್ಟುಬಿಡಿ.