ಟಕ್ ಅಂದಿತಾ?

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಹೊಸ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಗೆ ಚಿತ್ರ ಕಳಿಸುವ ಪಾರ್ಟ್, ಡಿಟೆಕ್ಟ್ ಆಗದಿದ್ದರೆ, ಕಂಪ್ಯೂಟರಿಗೆ ಸಿಗದೇ ಹೋದರೆ, ಏನು ಮಾಡಬೇಕು ಅನ್ನುವುದು ಇವತ್ತಿನ ವಿಷಯ. ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ರೇಡಿಯೋ ಹತ್ತಿರ ಕರೆಯಿರಿ. ದುಡ್ಡು ಕೊಟ್ಟ ಅಪ್ಪ ಅಮ್ಮಂದಿರೂ ಕೇಳಿ. ನಿಜ ಹೇಳಬೇಕೆಂದರೆ ನೀವೇ ಜಾಸ್ತಿ ಕೇಳಬೇಕು.

ಈಗಿನ ಮಕ್ಕಳು ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗುತ್ತಾರೆ. ಒಂದೊಂದೇ ಪಾರ್ಟ್ ತಂದು ಮನೆಯಲ್ಲೇ ಜೋಡಿಸುತ್ತಾರೆ. ಒಳ್ಳೆಯದೇ, ನನಗೂ ಖುಷಿ. ಸ್ವಿಚ್ ಹಾಕುತ್ತಾರೆ. ಫ್ಯಾನ್ ತಿರುಗುತ್ತದೆ, ದೀಪ ಬೆಳಗುತ್ತದೆ, ಕಂಪ್ಯೂಟರಿನ ಮೆದುಳಾದ ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇದ್ದರೆ ವಿಂಡೋಸ್ ಕೂಡ ಬರುತ್ತದೆ. ಆದರೆ ಪಾರ್ಟುಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆಗೆದು ನೋಡಿದರೆ ಕಾರ್ಡಿನ ಹೆಸರೇ ಇಲ್ಲ! ಡ್ರೈವರ್, ಅಂದರೆ ಕಾರ್ಡ್ ನಡೆಸುವ ಸಾಫ್ಟ್‌ವೇರ್, ಹಾಕಲು ಹೋದರೆ ಕಾರ್ಡೇ ಸಿಗುತ್ತಿಲ್ಲ ಅನ್ನುತ್ತದೆ. ಆಮೇಲೆ ರಾತ್ರಿಯಿಡೀ ವಿಂಡೋಸ್ ಅಳಿಸುವುದು, ಮತ್ತೆ ಹಾಕುವುದು. ಬೆಳಿಗ್ಗೆ ನನ್ನ ಹತ್ತಿರ ಬಂದು ಹೇಳುವ ಮೊದಲ ಮಾತು, 'ಸಾರ್, ಕಾರ್ಡ್ ಡೆಡ್ ಆಗಿದೆ.'

ಆಗಿಲ್ಲಪ್ಪ. ಹೊಸ ಕಾರ್ಡ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ. ಕೂರಿಸುವಾಗ ಟಕ್ ಅಂದಿತಾ?

ಮದರ್‌ಬೋರ್ಡಿನಲ್ಲಿ, ಅಂದರೆ ಎಲ್ಲ ಪಾರ್ಟುಗಳನ್ನೂ ಜೋಡಿಸುವ ದೊಡ್ಡ ಹಲಗೆಯಲ್ಲಿ, ಪ್ರೊಸೆಸರಿಗೆ ಹತ್ತಿರ ಒಂದು ಉದ್ದನೆಯ ಸ್ಲಾಟ್ ಇರುತ್ತದೆ. ಕಾರ್ಡ್ ಕೂರಬೇಕಾದ್ದು ಅಲ್ಲಿ. ಕೆಳಗೆ ಇನ್ನೊಂದು ಅಂಥದ್ದೇ ಕಂಡರೂ ಅದನ್ನು ಬಿಡಿ, ಮೇಲಿನದೇ ಸರಿ. ಆ ಸ್ಲಾಟಿನ ತುದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಕ್ಲಿಪ್ ಇದೆ. ಕಾರ್ಡ್ ಪೂರ್ತಿ ಒಳಗೆ ಹೋದಾಗ ಆ ಕ್ಲಿಪ್ ಹಿಡಿದುಕೊಳ್ಳುತ್ತದೆ. ಗ್ಯಾಸ್ ಸಿಲಿಂಡರಿಗೆ ರೆಗ್ಯುಲೇಟರ್ ಹಾಕುವಾಗ ಟಕ್ ಅನ್ನುತ್ತದಲ್ವಾ, ಹಾಗೆ. ಆ ಸದ್ದು ಕೇಳಲಿಲ್ಲ ಅಂದರೆ ಕಾರ್ಡ್ ಕೂತಿಲ್ಲ. ಕಣ್ಣಿಗೆ ನೆಟ್ಟಗೆ ಕಂಡರೂ ಕೂತಿಲ್ಲ.

'ಫ್ಯಾನ್ ತಿರುಗುತ್ತಿದೆಯಲ್ಲ ಸಾರ್' ಅನ್ನುತ್ತಾರೆ. ಎಲ್ಲರ ಕಣ್ಣಿಗೆ ಮಣ್ಣೆರಚುವುದು ಆ ಫ್ಯಾನೇ. ಸ್ಲಾಟಿನಿಂದ ಕಾರ್ಡಿಗೆ ಸಿಗುವ ಕರೆಂಟು ಹೆಚ್ಚೆಂದರೆ 75 ವ್ಯಾಟ್. ದೊಡ್ಡ ಕಾರ್ಡಿಗೆ ಅದು ಸಾಲದು. ಅದಕ್ಕೇ ಎಸ್‌ಎಂಪಿಎಸ್‌ನಿಂದ, ಅಂದರೆ ಇಡೀ ಕಂಪ್ಯೂಟರಿಗೆ ಕರೆಂಟು ಹಂಚುವ ಡಬ್ಬದಿಂದ, ಬೇರೆ ವೈರ್ ಎಳೆದು ಕೊಡುತ್ತೇವೆ. ಆ ವೈರ್ ಸಿಕ್ಕಿಸಿದ್ದರೆ, ಕಾರ್ಡ್ ಸೊಟ್ಟಗಿದ್ದರೂ ಫ್ಯಾನ್ ತಿರುಗಬಹುದು, ಬಣ್ಣದ ದೀಪವೂ ಉರಿಯಬಹುದು. ಆದರೆ ಕಾರ್ಡ್ ಪ್ರೊಸೆಸರ್ ಜೊತೆ ಮಾತಾಡುವುದು ಸ್ಲಾಟಿನ ಮೂಲಕ. ಆ ಸ್ಲಾಟಿನಲ್ಲಿ 164 ಪಿನ್ ಇವೆ. ಕಾರ್ಡಿನ ಚಿನ್ನದ ಬಣ್ಣದ ಅಂಚು ಅವಕ್ಕೆ ಸರಿಯಾಗಿ ತಾಗಬೇಕು. ಕೂದಲೆಳೆಯಷ್ಟು ಮೇಲೆ ನಿಂತರೂ ಕಂಪ್ಯೂಟರಿನ ಪಾಲಿಗೆ ಕಾರ್ಡ್ ಇಲ್ಲವೇ ಇಲ್ಲ.

ತಿಪಟೂರು ಕಡೆಯ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕೊಡಿಸಿದ ಕಂಪ್ಯೂಟರ್. ಕ್ಯಾಬಿನೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದ. ಜೊತೆಗೆ ಅಪ್ಪನೂ ಬಂದಿದ್ದರು. ಅವರು ಒಂದು ಮಾತೂ ಆಡದೆ ಸ್ಟೂಲಿನ ಮೇಲೆ ಕೂತರು. ಹುಡುಗ ಮಾತ್ರ ಬಾಯಿ ಮುಚ್ಚಲಿಲ್ಲ. 'ಎಸ್‌ಎಂಪಿಎಸ್ ವೀಕ್ ಸಾರ್, ವಿಡಿಯೋದಲ್ಲಿ ನೋಡಿದೆ, ಬದಲಾಯಿಸಿ ಕೊಡಿ.' ಬದಲಾಯಿಸೋಣ, ಮೊದಲು ತೆಗೆದು ನೋಡೋಣ ಇರು ಅಂದೆ.

ಪಕ್ಕದ ಬಾಗಿಲು ಬಿಚ್ಚಿದೆ. ಕೆಲಸ ಅಚ್ಚುಕಟ್ಟಾಗಿತ್ತು. ವೈರುಗಳನ್ನೆಲ್ಲ ಒಪ್ಪವಾಗಿ ಕಟ್ಟಿದ್ದ, ಹಿಂದಿನ ಸ್ಕ್ರೂಗಳನ್ನು ಬಿಗಿಯಾಗಿ ತಿರುಗಿಸಿದ್ದ. 'ಟಕ್ ಅಂದಿತಾ?' ಎಂದು ಕೇಳಿದೆ. 'ಏನು ಸಾರ್ ಟಕ್?' ಅಂದ. ಬೆರಳು ಹಾಕಿ ಕ್ಲಿಪ್ ಮುಟ್ಟಿದೆ. ಅದು ಬಾಯಿ ತೆರೆದುಕೊಂಡೇ ಇತ್ತು! ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಸ್ಲಾಟಿನ ಒಂದು ಕೊನೆಯಲ್ಲಿ ಚಿನ್ನದ ಅಂಚು ಗೆರೆಯಷ್ಟು ಹೊಳೆಯುತ್ತಿತ್ತು. ಇನ್ನೊಂದು ಕೊನೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಕಾರ್ಡ್ ಓರೆಯಾಗಿ ನಿಂತಿತ್ತು.

ಯಾಕೆ ಗೊತ್ತಾ? ಕಾರ್ಡಿನ ಹಿಂದೆ, ಕೇಬಲ್ ಸಿಕ್ಕಿಸುವ ಕಡೆ, ಒಂದು ತಗಡಿನ ಪಟ್ಟಿ ಇರುತ್ತದೆ. ಅದರ ಕೆಳತುದಿ ನಾಲಿಗೆಯ ಹಾಗೆ ಸಣ್ಣಗಾಗುತ್ತದೆ. ಆ ನಾಲಿಗೆ ಮದರ್‌ಬೋರ್ಡಿಗೂ ಕ್ಯಾಬಿನೆಟ್ಟಿನ ಗೋಡೆಗೂ ನಡುವಿನ ಸಂದಿಯಲ್ಲಿ ಇಳಿಯಬೇಕು. ಇವನದು ಬೋರ್ಡಿನ ಅಂಚಿನ ಮೇಲೆ ಹತ್ತಿ ಕೂತಿತ್ತು. ಅದರ ಮೇಲೆ ಸ್ಕ್ರೂ ಬಿಗಿದಿದ್ದಾನೆ. ಇನ್ನು ಕಾರ್ಡ್ ಒಳಗೆ ಹೋಗುವುದಾದರೂ ಹೇಗೆ?

ಕರೆಂಟು ತೆಗೆದೆವು. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆಫ್, ಪ್ಲಗ್ ಹೊರಗೆ, ಆಮೇಲೆ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು ಉಳಿದ ಕರೆಂಟನ್ನೂ ಖಾಲಿ ಮಾಡಿದ್ದಾಯಿತು. ಕ್ಯಾಬಿನೆಟ್ ಮಲಗಿಸಿ, ಬರಿಯ ಲೋಹ ಮುಟ್ಟಿ, ಕಾರ್ಡಿನ ವೈರ್ ಕಿತ್ತು, ಸ್ಕ್ರೂ ಬಿಚ್ಚಿ, ಕಾರ್ಡ್ ಹೊರಗೆ ತೆಗೆದೆ. 'ಈಗ ನೀನೇ ಹಾಕು' ಅಂದೆ. ನಾಲಿಗೆಯನ್ನು ಸಂದಿಗೆ ಹಿಡಿಸಿದ. ಎರಡು ಹೆಬ್ಬೆರಳು ಎರಡು ತುದಿಯಲ್ಲಿಟ್ಟು ಸಮನಾಗಿ ಒತ್ತು ಅಂದೆ. 'ಮುರಿದು ಹೋದರೆ ಸಾರ್?' ಮುರಿಯಲ್ಲ, ಒತ್ತು. ಒತ್ತಿದ. ಟಕ್!

ಅಲ್ಲಿಯವರೆಗೆ ಸುಮ್ನೆ ಕೂತಿದ್ದ ಅಪ್ಪ ಬಾಯಿ ಬಿಟ್ಟರು. 'ಇಷ್ಟಕ್ಕೇನೋ ನೀನು ಊಟ ನಿದ್ದೆ ಬಿಟ್ಟಿದ್ದು?'

ವೈರ್ ಮತ್ತೆ ಹಾಕಿ ಆನ್ ಮಾಡಿದಾಗ ಡಿವೈಸ್ ಮ್ಯಾನೇಜರಿನಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್' ಅಂತ ಬಂತು. ಹುಡುಗನ ಮುಖ ಮತ್ತೆ ಬಾಡಿತು. ಬಾಡಬೇಕಾಗಿರಲಿಲ್ಲ. ಮೊದಲು ಇಲ್ಲದ ಆ ಹೆಸರು ಈಗ ಬಂತೆಂದರೆ ಕಾರ್ಡ್ ಸಿಕ್ಕಿತು, ಡ್ರೈವರ್ ಒಂದೇ ಬಾಕಿ ಅಂತ ಅರ್ಥ. ಎನ್ವಿಡಿಯಾ ಕಾರ್ಡಾದರೆ ಎನ್ವಿಡಿಯಾದವರದೇ ಸೈಟು, ಎಎಂಡಿಯದಾದರೆ ಎಎಂಡಿಯದೇ. ಅಲ್ಲಿಂದ ಇಳಿಸಿಕೊಂಡರೆ ಆಯಿತು. ವಾಪಸ್ಸು ಹೋಗುವಾಗ ಕಾರ್ಡ್ ಬಿಚ್ಚಿ ಅದರ ಡಬ್ಬದಲ್ಲಿಟ್ಟು ಕಳಿಸಿದೆ. ನಮ್ಮ ಹಂಪ್‌ಗಳ ಮೇಲೆ ಬಸ್ಸು ಹಾರುವಾಗ ಅಷ್ಟು ತೂಕದ ಕಾರ್ಡ್ ಸ್ಲಾಟಿನಲ್ಲಿ ನೇತಾಡಬಾರದು.

ಕಥೆಯಲ್ಲೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಟಕ್ ಅಂದಮೇಲೂ ಬರಲಿಲ್ಲ ಅಂದರೆ ಪವರ್ ವೈರ್ ನೋಡಿ. ಕಾರ್ಡಿನಲ್ಲಿ ಎಷ್ಟು ಪವರ್ ಸಾಕೆಟ್ ಇದೆಯೋ ಅಷ್ಟಕ್ಕೂ ವೈರ್ ಬೇಕು. ಪ್ರೊಸೆಸರಿನ ವೈರೂ 8 ಪಿನ್, ಎಷ್ಟೋ ಕಾರ್ಡುಗಳದೂ 8 ಪಿನ್. ಪ್ರೊಸೆಸರಿನದು ಸಾಮಾನ್ಯವಾಗಿ 4 ಮತ್ತು 4 ಆಗಿ ಬಿಡಿಸಿಕೊಳ್ಳುತ್ತದೆ, ಕಾರ್ಡಿನದು 6 ಮತ್ತು 2 ಆಗಿ. ಅದನ್ನು ಇದಕ್ಕೆ ತುರುಕಬೇಡಿ, ಸುಟ್ಟು ಹೋಗುತ್ತದೆ.

ಮಾನಿಟರ್ ಕೇಬಲ್ಲು ಕಾರ್ಡಿಗೇ ಹೋಗಬೇಕು, ಮೇಲಿನ ಮದರ್‌ಬೋರ್ಡಿನ ಕಿಂಡಿಗಲ್ಲ. ಇಂಟೆಲ್ ಪ್ರೊಸೆಸರಿನ ನಂಬರ್ ಕೊನೆಯಲ್ಲಿ ಎಫ್ ಅಕ್ಷರ ಇದ್ದರೆ, ಅಂದರೆ ಐ5 12400ಎಫ್ ಥರದ್ದಾದರೆ, ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ಬೋರ್ಡಿಗೆ ಕೇಬಲ್ ಹಾಕಿದರೆ ಪರದೆ ಕಪ್ಪಗೇ ಇರುತ್ತದೆ. ಈಗಿನ ಎಷ್ಟೋ ಬೋರ್ಡ್‌ಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿರುತ್ತವೆ. ವಿಜಿಎ ಅಂತ ಬರೆದಿರುವುದು ಆರದೆ ಉರಿಯುತ್ತಲೇ ಇದ್ದರೆ ತೊಂದರೆ ಕಾರ್ಡಿನ ಕಡೆಯದು. ಮತ್ತೆ ತೆಗೆದು ಕೂರಿಸಿ, ಟಕ್ ಅನ್ನುವವರೆಗೆ. ಪ್ರೊಸೆಸರ್ ಸಾಕೆಟ್ಟಿನಲ್ಲಿ ಪಿನ್ ಬಗ್ಗಿದ್ದರೂ ಹೀಗಾಗುವುದುಂಟು. ಅದಕ್ಕೆ ನೀವು ಕೈ ಹಾಕಬೇಡಿ, ಗೊತ್ತಿದ್ದವರಿಗೆ ತೋರಿಸಿ. ವಿಂಡೋಸ್ ಮತ್ತೆ ಹಾಕುವುದು ಎಲ್ಲಕ್ಕಿಂತ ಕೊನೆಗೆ. ದಯವಿಟ್ಟು ಕೊನೆಗೆ!

ಏನು ಮಾಡಿದರೂ ಆಗಲಿಲ್ಲ ಅಂದರೆ ಕಾರ್ಡನ್ನು ಗೆಳೆಯರ ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲೂ ಕಾಣದಿದ್ದರೆ ಬಿಲ್ಲು, ಡಬ್ಬ ಎರಡನ್ನೂ ತೆಗೆದುಕೊಂಡು ಅಂಗಡಿಗೆ ಹೋಗಿ ವಾರಂಟಿ ಕೇಳಿ. ಕಾರ್ಡಿನ ಮೇಲಿನ ಸೀರಿಯಲ್ ನಂಬರ್ ಸ್ಟಿಕ್ಕರ್ ಮಾತ್ರ ಕೀಳಬೇಡಿ. ಅದಿಲ್ಲದಿದ್ದರೆ ವಾರಂಟಿ ಸಿಗುವುದು ಕಷ್ಟ. ನಮಸ್ಕಾರ.